ಶ್ರೀರಾಮಪುರದ ಸಭೆಯೂ ಕನ್ನಡದ ಅಚ್ಚುಮೊಳೆಯೂ

ನಮ್ಮ ಬೆಳಗಾವಿಯ ರಾಮತೀರ್ಥ ನಗರಕ್ಕೂ ವಂಗದೇಶದ ಶ್ರೀರಾಮಪುರಕ್ಕೂ ರಾಮನಾಮವೊಂದನ್ನು ಬಿಟ್ಟರೆ ಮೇಲುನೋಟಕ್ಕೆ ಯಾವ ನಂಟೂ ಕಾಣದು. ಒಂದು ಸಹ್ಯಾದ್ರಿಯ ಮಳೆಗಾಳಿ ತಾಗುವ ಊರಿನ ಬಡಾವಣೆ. ಇನ್ನೊಂದು ಹೂಗ್ಲಿ ನದಿಯ ಪಡುದಂಡೆಯ ಮೇಲಿರುವ ಹಳೆಯ ಪಟ್ಟಣ. ಆದರೂ ಕನ್ನಡ ಓದಬಲ್ಲ ಪ್ರತಿಯೊಬ್ಬರಿಗೂ ಆ ಪಟ್ಟಣದ ಒಂದು ಋಣವಿದೆ. ೧೮೧೭ರಲ್ಲಿ ಅಲ್ಲಿಯ ಅಚ್ಚುಕೂಟದಿಂದ ಇಂಗ್ಲಿಷಿನಲ್ಲಿ ಬರೆದ ಒಂದು ಕನ್ನಡ ವ್ಯಾಕರಣ ಹೊರಬಿದ್ದಿತು. ಕನ್ನಡದ ಅಕ್ಷರಗಳು ಓಲೆಗರಿಯನ್ನೂ ಕಡತವನ್ನೂ ದಾಟಿ ಅಚ್ಚುಮೊಳೆಯ ಮೂಲಕ ಕಾಗದಕ್ಕಿಳಿದ ಮೊದಮೊದಲ ಪುಸ್ತಕಗಳಲ್ಲಿ ಅದು ಒಂದು. ಆ ಅಚ್ಚುಕೂಟವನ್ನು ನಡೆಸುತ್ತಿದ್ದುದು ಬ್ಯಾಪ್ಟಿಸ್ಟ್ ಪಂಥದ ಒಂದು ಕ್ರೈಸ್ತ ಸಭೆ. ಕನ್ನಡ ನಾಡಿನಿಂದ ಅಷ್ಟು ದೂರದಲ್ಲಿದ್ದ ಒಂದು ಪುಟ್ಟ ಊರಿನ ಸಭೆಗೆ ಕನ್ನಡದ ವ್ಯಾಕರಣ ಏಕೆ ಬೇಕಾಯಿತು? ವಾಚಕರು ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಮೊದಲು ಊರಿನ ಮಾತು. ಕಲಕತ್ತೆಯಿಂದ ಸುಮಾರು ೧೫ ಮೈಲು ಉತ್ತರಕ್ಕಿರುವ ಶ್ರೀರಾಮಪುರ ಆಗ ಇಂಗ್ಲಿಷರದಾಗಿರಲಿಲ್ಲ. ೧೭೫೫ರಿಂದ ಅದು ಡೇನರ ವಶದಲ್ಲಿದ್ದಿತು. ತಮ್ಮ ದೊರೆಯ ಹೆಸರನ್ನಿಟ್ಟು ಅವರು ಅದನ್ನು ಫ್ರೆಡರಿಕ್ಸ್‌ನಗರವೆಂದು ಕರೆಯುತ್ತಿದ್ದರು. ಹೊಳೆಯ ಆಚೆ ದಡದಲ್ಲಿ ಬಾರಕಪುರ. ಅಲ್ಲಿ ಇಂಗ್ಲಿಷರ ದಂಡು. ಈಚೆ ದಡದಲ್ಲಿ ಡೇನರ ಬಾವುಟ. ಈ ಬಾವುಟವೇ ನಮ್ಮ ಕಥೆಗೆ ಮೂಲವಾಯಿತು. ಕುಂಪಣಿ ಸರಕಾರಕ್ಕೆ ಅಂದು ಪಾದ್ರಿಗಳೆಂದರೆ ಅನುಮಾನ. ಧರ್ಮಬೋಧನೆಯಿಂದ ಜನ ಕೆರಳಿದರೆ ವ್ಯಾಪಾರಕ್ಕೆ ಕುಂದು ಬಂದೀತೆಂಬ ಭಯ ಅದಕ್ಕಿದ್ದಿತು. ಆದ್ದರಿಂದ ೧೭೯೯ರಲ್ಲಿ ಇಂಗ್ಲೆಂಡಿನಿಂದ ಬಂದ ಬ್ಯಾಪ್ಟಿಸ್ಟರ ಒಂದು ತಂಡ ಕುಂಪಣಿಯ ನೆಲ ತುಳಿಯದೆ ನೇರವಾಗಿ ಶ್ರೀರಾಮಪುರದಲ್ಲಿಳಿಯಿತು. ಡೇನರ ಅಧಿಕಾರಿ ಕರ್ನಲ್ ಓಲೆ ಬೀ ಅವರಿಗೆ ಆಶ್ರಯ ಕೊಟ್ಟನು.

ಬ್ಯಾಪ್ಟಿಸ್ಟರೆಂದರೆ ಯಾರು? ಇದನ್ನು ತಿಳಿಯದೆ ಮುಂದೆ ಹೋಗುವಂತಿಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರ ನಡುವೆ ಹುಟ್ಟಿಕೊಂಡ ಪಂಥವಿದು. ಹೆಸರು ಗ್ರೀಕ್ ಭಾಷೆಯ, ಮುಳುಗಿಸುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಬೇರೆ ಹಲವು ಕ್ರೈಸ್ತ ಪಂಥಗಳಲ್ಲಿ ಕೂಸಿನ ತಲೆಯ ಮೇಲೆ ನೀರು ಹನಿಸಿ ದೀಕ್ಷೆ ಕೊಡುವ ಪದ್ಧತಿಯುಂಟು. ಬ್ಯಾಪ್ಟಿಸ್ಟರು ಅದನ್ನು ಒಪ್ಪುವುದಿಲ್ಲ. ತಿಳಿವಳಿಕೆ ಬಂದ ಮನುಷ್ಯನು ತಾನೇ ಅರಿತು, ತನ್ನ ಬಾಯಿಂದಲೇ ನಂಬಿಕೆಯನ್ನು ಹೇಳಿ, ನೀರಿನಲ್ಲಿ ಪೂರ್ತಿಯಾಗಿ ಮುಳುಗಿ ಏಳಬೇಕೆಂಬುದು ಅವರ ನಿಯಮ. ಎರಡನೆಯದು ಸಭೆಯ ಆಡಳಿತಕ್ಕೆ ಸೇರಿದ್ದು. ಒಂದೊಂದು ಊರಿನ ಸಭೆಯೂ ತನಗೆ ತಾನೇ ಯಜಮಾನ. ಪಾಲಕನನ್ನೂ ಹಿರಿಯರನ್ನೂ ಸಭಿಕರೇ ಆರಿಸಿಕೊಳ್ಳುತ್ತಾರೆ. ಮೇಲಿನಿಂದ ಅಪ್ಪಣೆ ಕೊಡುವ ಬಿಷಪ್ಪನೊಬ್ಬನು ಅವರಿಗಿಲ್ಲ.

ಈ ಮೊದಲನೆಯ ನಿಯಮವನ್ನು ಸ್ವಲ್ಪ ಯೋಚಿಸಿ ನೋಡಿ. ಅರಿತು ಒಪ್ಪಬೇಕೆಂದರೆ ಅರಿಯುವ ಭಾಷೆಯಲ್ಲಿ ಹೇಳಬೇಕು. ಕೂಸಿಗೆ ದೀಕ್ಷೆ ಕೊಡಲು ಕೂಸಿಗೆ ಭಾಷೆ ಬರಬೇಕಾಗಿಲ್ಲ. ಬೆಳೆದ ಮನುಷ್ಯನ ಒಪ್ಪಿಗೆ ಕೇಳುವಾಗ ಅವನ ತಾಯ್ನುಡಿಯ ಹೊರತು ಬೇರೆ ದಾರಿಯಿಲ್ಲ. ಶ್ರೀರಾಮಪುರದ ಸಭೆ ಕೋಶ ವ್ಯಾಕರಣಗಳ ಬೆನ್ನುಹತ್ತಿದ್ದರ ಗುಟ್ಟು ಇಲ್ಲಿದೆ.

ಸಭೆಯ ಮುಂದಾಳು ವಿಲಿಯಂ ಕೇರಿ. ೧೭೬೧ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿದವನು. ಕಸುಬು ಜೋಡು ಹೊಲಿಯುವುದು. ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂಗಳನ್ನು ಕಲಿತ ಗಟ್ಟಿಗ. ೧೭೯೨ರ ಅಕ್ಟೋಬರಿನಲ್ಲಿ ಕೆಟರಿಂಗ್ ಎಂಬ ಸಣ್ಣ ಊರಿನಲ್ಲಿ ಒಬ್ಬ ವಿಧವೆಯ ಮನೆಯ ಪಡಸಾಲೆಯಲ್ಲಿ ಕೆಲವರು ಕೂಡಿ ಹೊರದೇಶಗಳಲ್ಲಿ ಧರ್ಮಬೋಧನೆಗಾಗಿ ಒಂದು ಸಂಘ ಕಟ್ಟಿದರು. ಅಂದು ವಂತಿಗೆಯಾಗಿ ಕೂಡಿದ್ದು ೧೩ ಪೌಂಡು, ೨ ಶಿಲಿಂಗು, ೬ ಪೆನ್ಸು. ಮರುವರ್ಷ ಕೇರಿ ಕಲಕತ್ತೆಗೆ ಬಂದನು. ಕೆಲವು ವರ್ಷ ಮಾಲ್ದಾ ಸೀಮೆಯ ಒಂದು ನೀಲಿಯ ಕಾರಖಾನೆಯಲ್ಲಿ ಮೇಲ್ವಿಚಾರಕನಾಗಿ ದುಡಿಯುತ್ತ ಬಂಗಾಳಿಯನ್ನೂ ಸಂಸ್ಕೃತವನ್ನೂ ಕಲಿತನು. ೧೮೦೦ರ ಜನವರಿಯಲ್ಲಿ ಶ್ರೀರಾಮಪುರದ ತಂಡವನ್ನು ಕೂಡಿಕೊಂಡನು. ಆ ತಂಡದಲ್ಲಿ ಸಾಲಿಯ ಮಾಸ್ತರನಾಗಿದ್ದ ಜೋಶುವಾ ಮಾರ್ಷ್‌ಮನ್, ಮುದ್ರಣದ ಕಸುಬು ಬಲ್ಲ ವಿಲಿಯಂ ವಾರ್ಡ್ ಇಬ್ಬರೂ ಇದ್ದರು. ಒಂದೇ ಮನೆ, ಒಂದೇ ಪಂಕ್ತಿಯ ಊಟ, ಎಲ್ಲರ ಗಳಿಕೆಯೂ ಒಂದೇ ಗಂಟಿಗೆ. ಮಾರ್ಷ್‌ಮನ್ ದಂಪತಿಗಳು ನಡೆಸಿದ ವಸತಿಶಾಲೆಯ ಆದಾಯವೂ, ೧೮೦೧ರಿಂದ ಕೇರಿಗೆ ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಸಿಕ್ಕುತ್ತಿದ್ದ ಸಂಬಳವೂ ಆ ಗಂಟಿಗೇ ಸೇರುತ್ತಿದ್ದವು. ಮೊದಲು ತಿಂಗಳಿಗೆ ೫೦೦ ರೂಪಾಯಿಯಿದ್ದ ಆ ಸಂಬಳ ಮುಂದೆ ೧೦೦೦ ರೂಪಾಯಿಗೆ ಏರಿತು. ಕೈಖರ್ಚಿಗೆ ಸ್ವಲ್ಪ ಇಟ್ಟುಕೊಂಡು ಉಳಿದುದನ್ನೆಲ್ಲ ಅವರು ಸಾರ್ವಜನಿಕ ಕೆಲಸಕ್ಕೆ ಒಪ್ಪಿಸುತ್ತಿದ್ದರು.

೧೮೦೦ರ ಏಪ್ರಿಲಿನಲ್ಲಿ ಸಭೆ ವಿಧಿವತ್ತಾಗಿ ಸ್ಥಾಪನೆಯಾಯಿತು. ಕೇರಿ ಅದರ ಪಾಲಕನಾದನು. ಆದರೆ ಆಗ ಅದರಲ್ಲಿದ್ದವರು ಬಂದ ಬಿಳಿಯರಷ್ಟೇ. ಆ ವರ್ಷದ ಕೊನೆಗೆ ಕೃಷ್ಣ ಪಾಲನೆಂಬ ಒಬ್ಬ ಬಡಿಗನ ತೋಳಿನ ಕೀಲು ತಪ್ಪಿತು. ಕೇರಿಯ ಜೊತೆಗಾರ ವೈದ್ಯ ಜಾನ್ ಥಾಮಸ್ ಅದನ್ನು ಕೂಡಿಸಿದನು. ಆ ಪರಿಚಯ ಬೆಳೆದು ೧೮೦೦ನೆಯ ಡಿಸೆಂಬರ್ ೨೮ರಂದು ಹೂಗ್ಲಿಯ ನೀರಿನಲ್ಲಿ ಕೃಷ್ಣ ಪಾಲನು ದೀಕ್ಷಾಸ್ನಾನ ಪಡೆದನು. ಅವನೊಡನೆ ನೀರಿಗಿಳಿದವನು ಕೇರಿಯ ಹಿರಿಯ ಮಗ ಫೆಲಿಕ್ಸ್. ದೊರೆಗಳ ಕುಲದ ಹುಡುಗನೂ ಊರಿನ ಬಡಿಗನೂ ಒಂದೇ ಹೊಳೆಯಲ್ಲಿ ಮುಳುಗಿ ಎದ್ದರು.

ಮೂರೇ ವರ್ಷದಲ್ಲಿ ಆ ಸಭೆಗೆ ಎರಡು ಪರೀಕ್ಷೆಗಳು ಬಂದವು. ೧೮೦೩ರ ಏಪ್ರಿಲಿನಲ್ಲಿ ಬ್ರಾಹ್ಮಣ ಕುಲದಿಂದ ಬಂದ ಕೃಷ್ಣಪ್ರಸಾದನೆಂಬ ತರುಣನಿಗೂ ಬಡಿಗ ಕೃಷ್ಣ ಪಾಲನ ಮಗಳಿಗೂ ಮದುವೆಯಾಯಿತು. ಅದೇ ವರ್ಷ ಗೋಕುಲನೆಂಬ ಸಭಿಕನು ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಡುವವರು ಯಾರೆಂಬ ಪ್ರಶ್ನೆ ಎದ್ದಿತು. ಮಾರ್ಷ್‌ಮನ್, ಫೆಲಿಕ್ಸ್ ಕೇರಿ, ಬ್ರಾಹ್ಮಣನಾಗಿದ್ದ ಭೈರವ, ಮುಸಲ್ಮಾನನಾಗಿದ್ದ ಪೀರು, ಈ ನಾಲ್ವರು ಪೆಟ್ಟಿಗೆಯನ್ನು ಹೊತ್ತು ಬೀದಿಯಲ್ಲಿ ನಡೆದರು. ಇನ್ನೂರು ವರ್ಷಗಳ ಹಿಂದಿನ ಒಂದು ಸಣ್ಣ ಊರಿನ ಬೀದಿಯಲ್ಲಿ ಈ ನೋಟ ಎಂಥ ಕೋಲಾಹಲವೆಬ್ಬಿಸಿರಬೇಕೆಂಬುದನ್ನು ತಾವೇ ಊಹಿಸಬಹುದು. ಮತಾಂತರದ ವಿಷಯದಲ್ಲಿ ವಾಚಕರ ಅಭಿಪ್ರಾಯ ಏನೇ ಇರಲಿ, ಹೆಗಲು ಕೊಟ್ಟ ಈ ನಾಲ್ವರ ಧೈರ್ಯವನ್ನು ಅಲ್ಲಗಳೆಯುವಂತಿಲ್ಲ.

ಈಗ ಅಚ್ಚುಕೂಟಕ್ಕೆ ಬರೋಣ. ಅಲ್ಲಿ ಮೊಳೆ ಕೊರೆಯುತ್ತಿದ್ದವನು ಪಂಚಾನನ ಕರ್ಮಕಾರ. ಬಂಗಾಳಿಯ 'ಕರ್ಮಕಾರ'ನೆಂದರೆ ನಮ್ಮ ಕಮ್ಮಾರನೇ. ೧೭೭೮ರಲ್ಲಿ ಅಚ್ಚಾದ ಹಾಲ್ಹೆಡ್ಡನ ಬಂಗಾಳಿ ವ್ಯಾಕರಣದ ಮೊಳೆಗಳ ಕೆಲಸದಲ್ಲಿ ಪಳಗಿದ ಕೈ ಅವನದು. ಅವನ ತರುವಾಯ ಅಳಿಯ ಮನೋಹರನು ಆ ವಿದ್ಯೆಯನ್ನು ದಶಕಗಳ ಕಾಲ ಮುಂದುವರಿಸಿದನು. ೧೮೦೧ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಹೊರಬಂದಿತು. ಕಾಲೇಜಿನಲ್ಲಿ ಮರಾಠಿಯನ್ನೂ ಕಲಿಸಬೇಕಾಗಿ ಬಂದಾಗ ಕೇರಿ ೧೮೦೫ರಲ್ಲಿ ಮರಾಠಿ ವ್ಯಾಕರಣವನ್ನು ಹೊರತಂದನು. ೧೮೧೦ರಲ್ಲಿ ಮೋಡಿ ಲಿಪಿಯ ಮೊಳೆಗಳಲ್ಲಿ ಮರಾಠಿ ಕೋಶ ಅಚ್ಚಾಯಿತು. ಮೋಡಿ ಎಂದರೆ ಏನೆಂಬುದನ್ನು ಬೆಳಗಾವಿ, ಖಾನಾಪುರದವರಿಗೆ ಹೇಳಬೇಕಾಗಿಲ್ಲ. ಪೇಶವೆಯವರ ಕಾಲದ ದಫ್ತರಗಳನ್ನು ಮನೆಯ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬಂದ ಮನೆತನಗಳು ನಮ್ಮಲ್ಲುಂಟು. ಅನಂತರ ೧೮೧೨ರಲ್ಲಿ ಪಂಜಾಬಿ, ೧೮೧೪ರಲ್ಲಿ ತೆಲುಗು, ೧೮೧೭ರಲ್ಲಿ ಕನ್ನಡ, ಹೀಗೆ ವ್ಯಾಕರಣಗಳ ಸಾಲು ಬೆಳೆಯಿತು.

ಆದರೆ ಕನ್ನಡದ ಕೆಲಸ ಸುಸೂತ್ರವಾಗಿ ಸಾಗಲಿಲ್ಲ. ೧೮೧೨ನೆಯ ಮಾರ್ಚ್ ೧೧ರ ಸಂಜೆ ಅಚ್ಚುಕೂಟದ ಕಾಗದದ ಉಗ್ರಾಣಕ್ಕೆ ಬೆಂಕಿ ಬಿದ್ದಿತು. ಕೇರಿ ಆಗ ಕಲಕತ್ತೆಯಲ್ಲಿದ್ದನು. ರಾತ್ರಿ ಕಳೆಯುವುದರೊಳಗೆ ಕಟ್ಟಡವೇ ಬೂದಿಯಾಯಿತು. ಕಾಗದ, ಮೊಳೆ, ಅಚ್ಚಾದ ಹಾಳೆಗಳ ಜೊತೆಗೆ ಬರೆದಿಟ್ಟ ಹಸ್ತಪ್ರತಿಗಳೂ ಹೋದವು. ಸಂಸ್ಕೃತವನ್ನೂ ಅದಕ್ಕೆ ಸೇರಿದ ಭಾಷೆಗಳನ್ನೂ ಒಟ್ಟಿಗೆ ತೋರುವ ಮಹಾಕೋಶ, ತೆಲುಗು ವ್ಯಾಕರಣ, ಕನ್ನಡ ಹೊಸ ಒಡಂಬಡಿಕೆ ಇವೆಲ್ಲ ಸುಟ್ಟವು. ನಷ್ಟ ಸುಮಾರು ೧೦,೦೦೦ ಪೌಂಡು. ಮರುದಿನ ಬೂದಿ ಕೆದಕಿದಾಗ ಉಕ್ಕಿನಲ್ಲಿ ಕೊರೆದ ಮೂಲ ಅಚ್ಚುಗಳು ಹೆಚ್ಚಾಗಿ ಕೆಡದೆ ಸಿಕ್ಕವು. ಪಕ್ಕದ ಕೋಣೆಯಲ್ಲಿದ್ದ ಮುದ್ರಣಯಂತ್ರಗಳೂ ಉಳಿದಿದ್ದವು. ಕರಗಿದ ಸೀಸವನ್ನು ಕೂಡಿಸಿ ವಾರ್ಡನು ಮತ್ತೆ ಮೊಳೆ ಎರಕ ಹೊಯ್ಯಿಸತೊಡಗಿದನು. ಸುದ್ದಿ ಮುಟ್ಟಿದ ಎರಡು ತಿಂಗಳೊಳಗೆ ಇಂಗ್ಲೆಂಡಿನ ಸಭೆಗಳಿಂದ ನಷ್ಟ ತುಂಬುವಷ್ಟು ಹಣವೂ ಕೂಡಿತು. ಆದರೆ ಸುಟ್ಟ ಹಸ್ತಪ್ರತಿಗೆ ವಂತಿಗೆಯೆಲ್ಲಿಯದು? ಕನ್ನಡದ ಕೆಲಸವನ್ನು ಮತ್ತೆ ಮೊದಲಿನಿಂದ ಹಿಡಿಯಬೇಕಾಯಿತು. ೧೮೧೭ರ ವ್ಯಾಕರಣವೂ, ೧೮೨೦ರ ದಶಕದ ಮೊದಲಲ್ಲಿ ಬಂದ ಕನ್ನಡ ಹೊಸ ಒಡಂಬಡಿಕೆಯೂ ಈ ಬೂದಿಯ ಮೇಲಿಂದ ಎದ್ದವು.

ಕನ್ನಡಕ್ಕೆ ಮೊಳೆ ಮಾಡುವುದು ಎಷ್ಟು ಕಷ್ಟವೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಉಬ್ಬು ಕೊರೆಯಬೇಕು. ಅದನ್ನು ತಾಮ್ರದ ತುಂಡಿನ ಮೇಲಿಟ್ಟು ಹೊಡೆದರೆ ತಗ್ಗಾದ ಅಚ್ಚು ಬೀಳುತ್ತದೆ. ಆ ತಗ್ಗಿಗೆ ಕರಗಿಸಿದ ಸೀಸದ ಮಿಶ್ರಣ ಹೊಯ್ದರೆ ಒಂದು ಮೊಳೆ. ಇಂಗ್ಲಿಷಿಗೆ ೨೬ ಅಕ್ಷರ. ದೊಡ್ಡದು ಸಣ್ಣದು ಎಂದರೂ ಎರಡರಷ್ಟು. ನಮ್ಮ ಕಾಗುಣಿತವನ್ನು ನೋಡಿ. 'ಕ' ಎಂಬುದರ ತಲೆಕಟ್ಟು 'ಕಿ'ಯಲ್ಲಿ ಗುಡಿಸಾಗುತ್ತದೆ, 'ಕೆ'ಯಲ್ಲಿ ಎತ್ವವಾಗುತ್ತದೆ, 'ಕು'ವಿನಲ್ಲಿ ಬಲಕ್ಕೆ ಕೊಂಬು ಮೂಡುತ್ತದೆ. ಒತ್ತಕ್ಷರ ಬಂದರೆ ಸಾಲಿನ ಕೆಳಗೆ ಇನ್ನೊಂದು ಸಾಲಿನ ಜಾಗ ಬೇಕು. ಎರಡು ಸಾಲುಗಳ ಒತ್ತು, ದೀರ್ಘ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಬೇಕು. ಓಲೆಯ ಮೇಲೆ ಕಂಠದಿಂದ ಬರೆಯುವವನಿಗೆ ಇದು ತೊಡಕಲ್ಲ, ಕೈ ತಾನಾಗಿ ಹೊರಳುತ್ತದೆ. ಮೊಳೆ ಜೋಡಿಸುವವನಿಗೆ ಒಂದೊಂದು ಹೊರಳಿಗೂ ಒಂದೊಂದು ತುಂಡು ಬೇಕು. ಮನೆಯಲ್ಲಿ ಕನ್ನಡವಾಡದ ಕಮ್ಮಾರರು ಈ ಹೊರಳುಗಳನ್ನೆಲ್ಲ ಕಣ್ಣಳತೆಯಿಂದಲೇ ಹಿಡಿದರು.

ಇನ್ನು ವ್ಯಾಕರಣದ ಮಾತು. ಕನ್ನಡಕ್ಕೆ ವ್ಯಾಕರಣ ಬರೆದವರಲ್ಲಿ ಕೇರಿ ಮೊದಲಿಗನೇನೂ ಅಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ವೂ, ೧೬೦೪ರ ಭಟ್ಟಾಕಳಂಕನ 'ಶಬ್ದಾನುಶಾಸನ'ವೂ ಅದಕ್ಕಿಂತ ಹಳೆಯವು, ಪಾಂಡಿತ್ಯದಲ್ಲಿ ಬಹಳ ದೊಡ್ಡವು. ಆದರೆ ಅವು ಕನ್ನಡ ಬಲ್ಲವರಿಗಾಗಿ ಬರೆದವು. ಕೇಶಿರಾಜನು ಕವಿಯಾಗಬಯಸುವವನಿಗೆ ಸಾಧುಶಬ್ದ ಯಾವುದು, ಅಸಾಧು ಯಾವುದು ಎಂದು ಕಂದಪದ್ಯಗಳಲ್ಲಿ ತಿಳಿಸುತ್ತಾನೆ. ಕನ್ನಡದ ಗಂಧವೇ ಇಲ್ಲದವನು ಹೊರಗಿನಿಂದ ಬಂದು ಬಾಗಿಲು ತಟ್ಟಿದರೆ ಅವನಿಗೆ ಅಲ್ಲಿ ಮೆಟ್ಟಿಲಿಲ್ಲ. ೧೮೧೭ರ ಪುಸ್ತಕ ಆ ಮೆಟ್ಟಿಲನ್ನು ಕಟ್ಟಲು ಹೊರಟಿತು. ಬಂಗಾಳಿಯಿಂದ ಕನ್ನಡಕ್ಕೆ ಬರುವವನಿಗೆ ಎದುರಾಗುವ ತೊಡಕುಗಳಿಗೆ ಒಂದು ಉದಾಹರಣೆ ಸಾಕು. ಬಂಗಾಳಿಯ ಕ್ರಿಯಾಪದಕ್ಕೆ ಲಿಂಗಭೇದವಿಲ್ಲ. ಅವನು ಬಂದರೂ ಅವಳು ಬಂದರೂ ಕ್ರಿಯಾಪದ ಒಂದೇ. ನಮ್ಮಲ್ಲಿ ಬಂದನು, ಬಂದಳು, ಬಂದರು, ಬಂದಿತು, ಬಂದವು. ನಾವು ಮಕ್ಕಳಾಗಿದ್ದಾಗಲೇ ತಾಯಿಯ ಬಾಯಿಂದ ಕಲಿತ ಈ ಐದು ರೂಪಗಳನ್ನು ಹೊರಗಿನವನು ಪಟ್ಟಿ ಮಾಡಿ ಉರು ಹೊಡೆಯಬೇಕು. ಪರರ ಕಣ್ಣಿನಿಂದ ನೋಡಿದಾಗಲೇ ನಮ್ಮ ಮಾತಿನ ಕಟ್ಟು ನಮಗೂ ಕಾಣುತ್ತದೆಂಬುದನ್ನು ತರಗತಿಯಲ್ಲಿ ವ್ಯಾಕರಣ ಹೇಳುವವರೆಲ್ಲ ಬಲ್ಲರು.

ಆ ಪುಸ್ತಕದ ಮುಖಪುಟದಲ್ಲಿ ಭಾಷೆಯ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ 'ಕುರ್ನಾಟ' ಎಂದು ಓದಿಕೊಳ್ಳುವಂತೆ ಇದೆ. ಇದನ್ನು ಕಂಡು ನಗಬೇಕಾಗಿಲ್ಲ. ನಮ್ಮ ಹ್ರಸ್ವ ಅಕಾರಕ್ಕೆ ಕೇರಿ ಇಂಗ್ಲಿಷಿನ ಉಕಾರದ ಅಕ್ಷರವನ್ನು ಬಳಸುತ್ತಿದ್ದನು. ಅವನು ಉದ್ದೇಶಿಸಿದ್ದು ಕರ್ಣಾಟವೆಂದೇ. ನಗುವುದಕ್ಕಿಂತ ಯೋಚಿಸಬೇಕಾದ ಸಂಗತಿ ಬೇರೊಂದಿದೆ. ಮುಖಪುಟದಲ್ಲಿ ಕರ್ತೃವೆಂದು ಇರುವುದು ಕೇರಿಯ ಹೆಸರೊಂದೇ. ಶ್ರೀರಾಮಪುರದಲ್ಲಿ ಒಂದೊಂದು ಭಾಷೆಯ ಕೆಲಸವೂ ಆ ಭಾಷೆಯ ಪಂಡಿತರ ನೆರವಿನಿಂದ ನಡೆಯುತ್ತಿದ್ದಿತು. ವಾಕ್ಯ ಓದಿ, ತಿದ್ದಿ, ಇದು ಸರಿ ಇದು ತಪ್ಪು ಎಂದು ಹೇಳಿದವರು ಅವರು. ಅಕ್ಷರ ಕೊರೆದವರು ಕರ್ಮಕಾರರು. ಒಬ್ಬ ಮನುಷ್ಯನು ಅಷ್ಟು ಭಾಷೆಗಳಿಗೆ ಒಬ್ಬನೇ ವ್ಯಾಕರಣ ಬರೆದನೆಂದು ಹೊಗಳುವಾಗ, ಸಂಬಳದ ಪಟ್ಟಿಯಲ್ಲಷ್ಟೇ ಹೆಸರು ಉಳಿದ ಈ ಜನರನ್ನೂ ನೆನೆಯುವುದು ನ್ಯಾಯ.

ಆದರೂ ದೂರವೆಂಬುದು ದೂರವೇ. ಹೂಗ್ಲಿಯ ದಂಡೆಯಲ್ಲಿ ಕುಳಿತು ಕನ್ನಡವನ್ನು ಕಲಿಯಬಹುದು. ಕನ್ನಡದ ಸಂತೆಯ ಮಾತು, ಹೊಲದ ಮಾತು, ಅಡಿಗೆಮನೆಯ ಮಾತು ಅಲ್ಲಿ ಕಿವಿಗೆ ಬೀಳುವುದಿಲ್ಲ. ಇತ್ತ ಲಂಡನ್ ಮಿಶನ್ ಸಂಘದ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿಯೇ ಬಳ್ಳಾರಿಗೆ ಬಂದು ಕನ್ನಡಿಗರ ನಡುವೆ ನೆಲಸಿದ್ದನು. ೧೮೩೧ರ ಹೊತ್ತಿಗೆ ಬೈಬಲ್ ಇಡಿಯಾಗಿ ಕನ್ನಡದಲ್ಲಿ ಬಂದುದು ಅಲ್ಲಿಯ ಕೆಲಸದಿಂದ. ಮುಂದಿನ ಪರಿಷ್ಕರಣಗಳು ಆ ದಾರಿಯಲ್ಲಿ ಸಾಗಿದವು. ಶ್ರೀರಾಮಪುರದ ಅನುವಾದ ಹಿಂದೆ ಉಳಿಯಿತು. ಭಾಷೆಯ ಕೆಲಸಕ್ಕೆ ಭಾಷೆಯಾಡುವ ಜನರ ನೆರೆ ಬೇಕೆಂಬ ಪಾಠ ಇದರಲ್ಲಿದೆ.

ಬೆಳಗಾವಿಯ ಕಥೆಗೂ ಇಲ್ಲಿಯೇ ಕೊಂಡಿ ಬೀಳುತ್ತದೆ. ೧೮೧೮ರ ಏಪ್ರಿಲ್ ೧೦ರಂದು ನಮ್ಮ ಕೋಟೆ ಥಾಮಸ್ ಮನ್ರೋವಿನ ಸೈನ್ಯಕ್ಕೆ ಶರಣಾಯಿತು. ೧೮೨೦ರಲ್ಲಿ ಬಳ್ಳಾರಿಯಿಂದ ಜೋಸೆಫ್ ಟೇಲರ್ ಬಂದು ಇಲ್ಲಿ ಲಂಡನ್ ಮಿಶನ್ನಿನ ಕೆಲಸವನ್ನು ಆರಂಭಿಸಿದನು. ಅನಂತರ ಬಂದ ವಿಲಿಯಂ ಬೆನನ್ ೧೮೩೦ರ ದಶಕದಲ್ಲಿ ಸಾಲಿ ತೆರೆದನು; ಅವನ ಹೆಸರು ಬೆನನ್ ಸ್ಮಿಥ್ ಹೈಸ್ಕೂಲಿನ ಹೆಸರಿನಲ್ಲಿ ಉಳಿದುಕೊಂಡಿದೆ. ಈ ಮಿಶನ್ನು ಬ್ಯಾಪ್ಟಿಸ್ಟರದಲ್ಲ. ಕೂಸಿಗೆ ದೀಕ್ಷೆ ಕೊಡುವುದು ಇವರಿಗೆ ಸಮ್ಮತ. ಆದರೆ ಊರಿನ ಸಭೆಯೇ ತನ್ನ ಯಜಮಾನನೆಂಬ ತತ್ತ್ವದಲ್ಲಿ ಇವರು ಬ್ಯಾಪ್ಟಿಸ್ಟರ ದಾಯಾದಿಗಳೇ ಸರಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕೆಲಸ ಅಮೆರಿಕೆಯ ಮೆಥೊಡಿಸ್ಟರಿಗೆ ವರ್ಗವಾಯಿತು. ೧೯೮೧ರಲ್ಲಿ ಭಾರತದ ಮೆಥೊಡಿಸ್ಟ್ ಸಭೆ ಸ್ವತಂತ್ರವಾಯಿತು. ಹೊರಗಿನ ಒಡೆತನ ಬದಲಾಗುತ್ತ ಹೋದರೂ ಊರಿನ ಜನ ಊರಿನಲ್ಲಿಯೇ ಇದ್ದರು.

ಒಂದು ಪದಕ್ಕಾಗಿ ನಡೆದ ಜಗಳವನ್ನೂ ಹೇಳಿಬಿಡಬೇಕು. ದೀಕ್ಷೆಯ ಗ್ರೀಕ್ ಪದವನ್ನು ದೇಶಭಾಷೆಗೆ ತರುವಾಗ 'ಮುಳುಗಿಸು' ಎಂದು ಅರ್ಥ ಬರುವಂತೆ ಅನುವಾದಿಸಬೇಕೆಂದು ಬ್ಯಾಪ್ಟಿಸ್ಟರು ಹಟ ಹಿಡಿದರು. ಹಾಗೆ ಬರೆದರೆ ನೀರು ಹನಿಸುವವರೆಲ್ಲ ತಪ್ಪಿತಸ್ಥರಾಗುತ್ತಾರೆಂದು ಉಳಿದವರು ಆಕ್ಷೇಪಿಸಿದರು. ೧೮೩೦ರ ದಶಕದಲ್ಲಿ ಬ್ರಿಟಿಷ್ ಬೈಬಲ್ ಸೊಸೈಟಿ ಬ್ಯಾಪ್ಟಿಸ್ಟರ ಬಂಗಾಳಿ ಅನುವಾದಕ್ಕೆ ಹಣ ಕೊಡಲು ಒಪ್ಪಲಿಲ್ಲ. ಬ್ಯಾಪ್ಟಿಸ್ಟರು ೧೮೪೦ರಲ್ಲಿ ಅನುವಾದಕ್ಕಾಗಿ ತಮ್ಮದೇ ಸಂಘ ಕಟ್ಟಿದರು. ನಮ್ಮ ಕನ್ನಡದಲ್ಲಿ ನೆಲೆನಿಂತ 'ದೀಕ್ಷಾಸ್ನಾನ'ವೆಂಬ ಪದವನ್ನು ನೋಡಿ. ದೀಕ್ಷೆಯೂ ಇದೆ, ಸ್ನಾನವೂ ಇದೆ. ಎಷ್ಟು ನೀರು ಎಂಬುದನ್ನು ಪದ ಹೇಳುವುದಿಲ್ಲ. ೧೯೭೦ರಲ್ಲಿ ಉತ್ತರ ಭಾರತ ಸಭೆ ರೂಪುಗೊಂಡಾಗ ಬ್ಯಾಪ್ಟಿಸ್ಟರೂ ಅದರಲ್ಲಿ ಸೇರಿ, ಕೂಸಿನ ದೀಕ್ಷೆ ಬೆಳೆದವರ ದೀಕ್ಷೆ ಎರಡಕ್ಕೂ ಒಂದೇ ಮನೆಯಲ್ಲಿ ಸ್ಥಳ ಮಾಡಿಕೊಂಡರು. ನಮ್ಮ ಸಮಾಸಪದವೊಂದು ಇಂಥ ರಾಜಿಗೆ ಮೊದಲೇ ಎಡೆಮಾಡಿಕೊಟ್ಟಂತಿದೆ.

ಶ್ರೀರಾಮಪುರದ ಮುಂದಿನ ಗತಿ ಸುಖದ್ದಾಗಿರಲಿಲ್ಲ. ೧೮೨೩ರಲ್ಲಿ ವಾರ್ಡನು ವಾಂತಿಭೇದಿಯಿಂದ ತೀರಿದನು. ತಮ್ಮ ದುಡಿಮೆಯಿಂದ ಕಟ್ಟಿದ ಮನೆ, ಅಚ್ಚುಕೂಟ, ಕಾಲೇಜುಗಳ ಮೇಲೆ ಅಧಿಕಾರ ಶ್ರೀರಾಮಪುರದವರದೋ ಇಂಗ್ಲೆಂಡಿನ ಸಂಘದ್ದೋ ಎಂಬ ವ್ಯಾಜ್ಯ ಬೆಳೆದು ೧೮೨೭ರಲ್ಲಿ ಇಬ್ಬರೂ ಬೇರೆಯಾದರು. ೧೮೩೪ರ ಜೂನ್ ೯ರಂದು ಕೇರಿ, ೧೮೩೭ರ ಡಿಸೆಂಬರಿನಲ್ಲಿ ಮಾರ್ಷ್‌ಮನ್ ಕಾಲವಾದರು. ಆ ೧೮೩೭ರಲ್ಲಿಯೇ ಕೆಲಸ ಮತ್ತೆ ಇಂಗ್ಲೆಂಡಿನ ಸಂಘದ ಕೈಸೇರಿತು. ೧೮೪೫ರಲ್ಲಿ ಡೇನರು ಊರನ್ನೇ ಕುಂಪಣಿಗೆ ಮಾರಿದರು. ಅಷ್ಟು ಭಾಷೆಗಳ ಮೊಳೆಗಳು ಸದ್ದು ಮಾಡಿದ ಜಾಗದಲ್ಲಿ ಮುಂದೆ ಸೆಣಬಿನ ಗಿರಣಿ ಎದ್ದಿತು. ಆದರೆ ೧೮೧೮ರಲ್ಲಿ ಆರಂಭವಾದ ಕಾಲೇಜು ಇಂದಿಗೂ ನಡೆಯುತ್ತಿದೆ. ಬ್ಯಾಪ್ಟಿಸ್ಟರ ಆರಾಧನೆಯೂ ಆ ಊರಿನಲ್ಲಿ ನಿಂತಿಲ್ಲ. ಮೂವರ ಸಮಾಧಿಗಳು ಒಂದೇ ಸ್ಮಶಾನದಲ್ಲಿವೆ.

ಹಾಗಾದರೆ ನಾವು ಮೊದಲು ಕೇಳಿದ ಪ್ರಶ್ನೆಗೆ ಉತ್ತರವಿಷ್ಟು. ಕೇಳುವವನು ತನ್ನ ಮಾತಿನಲ್ಲಿ ಅರಿತು ಒಪ್ಪಬೇಕೆಂಬ ಒಂದು ನಿಯಮ ಆ ಸಭೆಯನ್ನು ಕನ್ನಡದವರೆಗೂ ಎಳೆದುತಂದಿತು. ನಿಯಮ ಅವರ ಧರ್ಮದ್ದಾಗಿದ್ದರೂ ಫಲ ಎಲ್ಲರದಾಯಿತು. ನಮ್ಮ ಕಚೇರಿ, ನ್ಯಾಯಾಲಯ, ಸಾಲಿಗಳಿಗೂ ಆ ನಿಯಮ ಸಲ್ಲುವಂಥದೇ. ನೋಟೀಸು ಬಂದಾಗ ಅದನ್ನು ಓದಿ ಹೇಳಲು ಇನ್ನೊಬ್ಬರನ್ನು ಹುಡುಕುವ ಮುದುಕಿಯೊಬ್ಬಳು ಊರಿನಲ್ಲಿ ಇರುವವರೆಗೆ ೧೮೧೭ರಲ್ಲಿ ತೊಡಗಿದ ಆ ಕೆಲಸ ಮುಗಿದಿಲ್ಲವೆಂದೇ ತಿಳಿಯಬೇಕು.